ಇಚ್ಛೆಗೊಂದು ಪರಿಮಾಣ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಹೊರವಲಯದಲ್ಲಿ ಒಬ್ಬ ಗೃಹಸ್ಥನಿದ್ದಾನೆಂದು ಭಾವಿಸಬಹುದು. ಶಾಲೆಯೊಂದರಲ್ಲಿ ಗಣಿತ ಕಲಿಸುವವನು, ವಯಸ್ಸು ಐವತ್ತೆರಡು. ಕುಡಿತವಿಲ್ಲ, ಜೂಜಿಲ್ಲ, ತೀರಿಸಬೇಕಾದ ಸಾಲವಿಲ್ಲ. ಇರುವುದೊಂದೇ ಹವ್ಯಾಸ. ಒಂದಂಗುಲ ಎತ್ತರದ ಸೈನಿಕರ ಕಿರುಮೂರ್ತಿಗಳನ್ನು ಕೊಂಡು, ಬಿಡಿಭಾಗಗಳನ್ನು ಅಂಟಿಸಿ, ಕೂದಲೆಳೆಯಂಥ ಕುಂಚದಿಂದ ಬಣ್ಣ ಹಚ್ಚಿ, ಗುರುವಾರದ ಸಂಜೆ ಗೆಳೆಯರೊಡನೆ ಮೇಜಿನ ಮೇಲೆ ಯುದ್ಧದ ಆಟವಾಡುವುದು. ಈ ಹವ್ಯಾಸಕ್ಕೆ ಈಗ ಮೂವತ್ತೆಂಟು ವರ್ಷ ತುಂಬಿದೆ.

ಅವನ ಮುಂದೆ ಇಂದು ಒಂದು ಪ್ರಶ್ನೆಯಿದೆ. ಆ ಆಟದ ಲೋಕದಲ್ಲಿ ವಾರ್‌ಲಾರ್ಡ್ ಟೈಟನ್ ಎಂಬ ಯಂತ್ರದೈತ್ಯವೊಂದುಂಟು. ರೆಸಿನ್ ಎಂಬ ರಾಳದಲ್ಲಿ ಎರಕ ಹೊಯ್ದ ಆ ಮೂರ್ತಿ ಒಂದೂವರೆ ಅಡಿಗೂ ಮಿಗಿಲಾಗಿ ನಿಲ್ಲುತ್ತದೆ. ತೋಳಿಗೆ ತೊಡಿಸುವ ಆಯುಧಗಳನ್ನೂ ಸೇರಿಸಿದರೆ ಅದರ ಬೆಲೆ ಸಾವಿರ ಪೌಂಡುಗಳನ್ನು ದಾಟುತ್ತದೆ. ಭಾರತದ ಲೆಕ್ಕದಲ್ಲಿ ಒಂದು ಲಕ್ಷ ರೂಪಾಯಿಗೂ ಹೆಚ್ಚು. ಎರಡು ವರ್ಷ ಸಂಜೆಯ ಪಾಠ ಹೇಳಿ ಕೂಡಿಟ್ಟ ಹಣ ಅವನಲ್ಲಿದೆ. ಮಡದಿ ಬೇಡವೆನ್ನಲಿಲ್ಲ. ‘ನಿಮ್ಮ ದುಡಿಮೆ, ನಿಮ್ಮ ಇಷ್ಟ’ ಎಂದಳು. ತಡೆಯುವವರು ಯಾರೂ ಇಲ್ಲದಿರುವುದರಿಂದಲೇ ನಿರ್ಧಾರ ಕಠಿಣವಾಗಿದೆ. ಹೊರಗಿನ ತಡೆ ಇಲ್ಲವಾದಲ್ಲಿ ಒಳಗಿನ ಅಳತೆಯೊಂದು ಬೇಕಾಗುತ್ತದೆ. ಆ ಅಳತೆಯನ್ನು ಜೈನಾಚಾರ್ಯರು ಇಚ್ಛಾಪರಿಮಾಣವೆಂದು ಕರೆದರು.

ಕಿರುಮೂರ್ತಿಗಳ ಲೋಕ

ಯುದ್ಧವನ್ನು ಮಣೆಯ ಮೇಲೆ ಆಡುವುದು ಹೊಸತೇನಲ್ಲ. ಆನೆ, ಕುದುರೆ, ರಥ, ಪದಾತಿಗಳ ಚತುರಂಗ ಭಾರತದ ನೆಲದಲ್ಲಿಯೇ ಹುಟ್ಟಿ ಲೋಕವನ್ನೆಲ್ಲ ಸುತ್ತಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಷ್ಯಾ ದೇಶದ ರೈಸ್ವಿಟ್ಸ್ ಎಂಬ ತಂದೆ ಮಕ್ಕಳು ಸೇನಾಧಿಕಾರಿಗಳ ತರಬೇತಿಗೆ ಒದಗುವಂಥ ಯುದ್ಧದಾಟವನ್ನು ರೂಪಿಸಿದರು. ಮಗ ಪರಿಷ್ಕರಿಸಿದ ನಿಯಮಗಳು 1824ರಲ್ಲಿ ಪ್ರಕಟವಾದವು. ಅದನ್ನು ಮನೆಯ ನೆಲಕ್ಕೆ ತಂದವರಲ್ಲಿ ಪ್ರಮುಖನು ಆಂಗ್ಲ ಕಾದಂಬರಿಕಾರ ಎಚ್. ಜಿ. ವೆಲ್ಸ್. 1913ರಲ್ಲಿ ಅವನು ಪ್ರಕಟಿಸಿದ ‘ಲಿಟ್ಲ್ ವಾರ್ಸ್’ ಎಂಬ ಚಿಕ್ಕ ಪುಸ್ತಕ ಆಟಿಕೆಯ ಸೈನಿಕರಿಂದ ಆಡುವ ಯುದ್ಧಕ್ಕೆ ನಿಯಮಗಳನ್ನು ಕಟ್ಟಿಕೊಟ್ಟಿತು.

1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಆರಂಭಿಸಿದ ಗೇಮ್ಸ್ ವರ್ಕ್‌ಷಾಪ್ ಎಂಬ ಸಂಸ್ಥೆ ಮುಂದೆ ನಾಟಿಂಗ್‌ಹ್ಯಾಮಿನಲ್ಲಿ ನೆಲೆಯೂರಿತು. 1983ರಲ್ಲಿ ವಾರ್‌ಹ್ಯಾಮರ್, 1987ರಲ್ಲಿ ವಾರ್‌ಹ್ಯಾಮರ್ 40,000 ಎಂಬ ಆಟಗಳನ್ನು ಅದು ಹೊರತಂದಿತು. 2024ರ ಡಿಸೆಂಬರಿನಲ್ಲಿ ಆ ಸಂಸ್ಥೆ ಲಂಡನ್ ಷೇರುಪೇಟೆಯ ಅಗ್ರ ನೂರು ಕಂಪನಿಗಳ ಸೂಚ್ಯಂಕವನ್ನು ಸೇರಿತು. ಅಂಗೈಯಲ್ಲಿ ಅಡಗುವ ಮೂರ್ತಿಗಳ ಮೇಲಣ ಮಾನವನ ಬಯಕೆ ಎಷ್ಟು ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೊದಲ ಕಾಲದ ಕಿರುಮೂರ್ತಿಗಳು ಸೀಸ ಬೆರೆತ ಲೋಹದವು. ಆಮೇಲೆ ಸೀಸವಿಲ್ಲದ ಬಿಳಿಲೋಹ ಬಂದಿತು, ಅದರ ಜೊತೆಗೆ ಪ್ಲಾಸ್ಟಿಕ್ ಬೆಳೆಯಿತು. ಪ್ಲಾಸ್ಟಿಕ್ ಮೂರ್ತಿಗೆ ಉಕ್ಕಿನ ಅಚ್ಚು ಬೇಕು. ಅಚ್ಚಿನ ವೆಚ್ಚ ಅಪಾರ; ಆದರೆ ಒಮ್ಮೆ ಸಿದ್ಧವಾದರೆ ಲಕ್ಷಗಟ್ಟಲೆ ಪ್ರತಿಗಳನ್ನು ತೆಗೆಯಬಹುದು. ಕೊಳ್ಳುವವರು ಕೆಲವರೇ ಇರುವ ಟೈಟನ್ನಿನಂಥ ಮೂರ್ತಿಯನ್ನು ಮೆತುವಾದ ಅಚ್ಚಿನಲ್ಲಿ ರೆಸಿನ್ ಸುರಿದು ತೆಗೆಯುತ್ತಾರೆ. ಆ ಅಚ್ಚು ಬೇಗ ಸವೆಯುತ್ತದೆ, ಕೈಕೆಲಸ ಹೆಚ್ಚು ಬೇಡುತ್ತದೆ. ಬೆಲೆ ಏರುವುದಕ್ಕೆ ಇದೊಂದು ಕಾರಣ. ಕೊಂಡ ಮೇಲೂ ಶ್ರಮ ಮುಗಿಯುವುದಿಲ್ಲ. ಬಾಗಿದ ಭಾಗಗಳನ್ನು ಬಿಸಿನೀರಿನಲ್ಲಿಟ್ಟು ನೇರಗೊಳಿಸಬೇಕು, ಗಾಳಿಗುಳ್ಳೆಯ ಕುಳಿಗಳನ್ನು ತುಂಬಬೇಕು, ಭಾರ ಹೊರುವ ಕೀಲುಗಳೊಳಗೆ ತಂತಿ ಕೂರಿಸಬೇಕು, ಉಜ್ಜುವಾಗ ಏಳುವ ಧೂಳು ಶ್ವಾಸಕ್ಕೆ ಹೋಗದಂತೆ ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಆ ಗೃಹಸ್ಥನ ಬಿಡುವಿನ ಲೆಕ್ಕದಲ್ಲಿ ಬಣ್ಣ ಹಚ್ಚುವ ಹೊತ್ತಿಗೆ ಅರ್ಧ ವರ್ಷದ ಸಂಜೆಗಳು ಕಳೆದುಹೋಗುತ್ತವೆ.

ಈ ಹವ್ಯಾಸಿಗಳ ಆಡುಮಾತಿನಲ್ಲಿ ‘ನಾಚಿಕೆಯ ರಾಶಿ’ ಎಂಬರ್ಥದ ಒಂದು ನುಡಿಯಿದೆ. ಕೊಂಡು ತಂದು ಬಣ್ಣ ಕಾಣದೆ, ಕೆಲವೊಮ್ಮೆ ಪೆಟ್ಟಿಗೆಯೇ ತೆರೆಯದೆ ಉಳಿದ ಮೂರ್ತಿಗಳ ರಾಶಿಗೆ ಆ ಹೆಸರು. ನಗುತ್ತಲೇ ಆಡುವ ಮಾತದು. ಆದರೆ ಸಂಗ್ರಹವು ಉಪಯೋಗವನ್ನು ಮೀರಿದಾಗ ಮನಸ್ಸಿನ ಮೂಲೆಯಲ್ಲಿ ಏಳುವ ಅಳುಕನ್ನು ಅದು ಧರ್ಮಶಾಸ್ತ್ರದ ನೆರವಿಲ್ಲದೆಯೇ ಗುರುತಿಸಿದೆ. ನಾಟಿಂಗ್‌ಹ್ಯಾಮಿನ ಆ ಶಿಕ್ಷಕನ ಬೀರುವಿನಲ್ಲಿ ಅಂಥ ಮೂರ್ತಿಗಳು ಇನ್ನೂರನಲವತ್ತಿವೆ.

ಆಟದ ಕತ್ತಿಗೂ ಪಾಪವುಂಟೇ?

ಬೆಲೆಯ ಪ್ರಶ್ನೆಗಿಂತ ಮೊದಲು ಇನ್ನೊಂದು ಪ್ರಶ್ನೆ ಏಳುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದು ಸಾರಿದ ಮತದ ಕಣ್ಣಿಗೆ ಯುದ್ಧದ ಆಟವೇ ಹಿಂಸೆಯಲ್ಲವೇ? ಕನ್ನಡದ ಓದುಗರಿಗೆ ಇಲ್ಲಿ ಜನ್ನ ಕವಿಯ ಯಶೋಧರಚರಿತೆ ನೆನಪಾಗುವುದು ಸಹಜ. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಹಿಟ್ಟಿನಿಂದ ಮಾಡಿದ ಹುಂಜವನ್ನು ದೇವಿಯ ಮುಂದೆ ಕಡಿದನು. ಸತ್ತದ್ದು ಹಿಟ್ಟಿನ ಮುದ್ದೆ. ಆದರೂ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ತೊಳಲಿದರು. ಕೊಲ್ಲುತ್ತೇನೆಂಬ ಸಂಕಲ್ಪವೇ ಅಲ್ಲಿ ಕೊಲೆಯಾಯಿತು.

ಹಾಗಾದರೆ ರೆಸಿನ್ನಿನ ಸೈನಿಕನನ್ನು ಮೇಜಿನಿಂದ ಎತ್ತಿಡುವುದೂ ಅದೇ ಬಗೆಯದೇ? ಎರಡರ ನಡುವಣ ಅಂತರವನ್ನು ಭಾವದಲ್ಲಿ ಹುಡುಕಬೇಕು. ಯಶೋಧರನು ಹುಂಜವನ್ನು ಜೀವವೆಂದು ಬಗೆದು, ತನ್ನ ಒಳಿತಿಗಾಗಿ ಅದನ್ನು ಬಲಿಕೊಟ್ಟನು. ಮೇಜಿನ ಮುಂದೆ ಕುಳಿತ ಆಟಗಾರನು ಎದುರಾಳಿಯ ಮೂರ್ತಿಯನ್ನು ಜೀವವೆಂದು ಬಗೆಯುವುದಿಲ್ಲ. ಯಾರ ಸಾವನ್ನೂ ಬಯಸುವುದಿಲ್ಲ. ಆಟ ಮುಗಿದೊಡನೆ ‘ಸತ್ತ’ ಸೈನಿಕರೆಲ್ಲರೂ ಪೆಟ್ಟಿಗೆಗೆ ಮರಳುತ್ತಾರೆ, ಇಬ್ಬರೂ ಕೈಕುಲುಕುತ್ತಾರೆ. ಇಷ್ಟರಿಂದಲೇ ಆಟ ನಿರ್ದೋಷವಾಗಿಬಿಡುವುದಿಲ್ಲ. ಶ್ರಾವಕನ ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿಯು ಪ್ರಯೋಜನವಿಲ್ಲದ ಪಾಪಗಳ ಪಟ್ಟಿಯಲ್ಲಿ ಅಪಧ್ಯಾನವನ್ನೂ ಸೇರಿಸಿದೆ. ಅನ್ಯರ ಕೇಡನ್ನೂ ವಧೆಯನ್ನೂ ಮನದಲ್ಲೇ ಮೆಲುಕುಹಾಕುವುದು ಅಪಧ್ಯಾನ. ಸೋತವನು ಮನೆಗೆ ಹೋಗಿ ರಾತ್ರಿಯಿಡೀ ಸೇಡನ್ನು ನೆನೆಯುತ್ತಿದ್ದರೆ, ಗೆದ್ದವನು ಎದುರಾಳಿಯ ಅವಮಾನವನ್ನು ಸವಿಯುತ್ತಿದ್ದರೆ, ಅಲ್ಲಿ ಹಿಟ್ಟಿನ ಹುಂಜ ಕೂಗಿತೆಂದೇ ತಿಳಿಯಬೇಕು.

ಈ ತೂಕದ ಮತ್ತೊಂದು ತಟ್ಟೆಯಲ್ಲಿ ಭರತ ಬಾಹುಬಲಿಗಳ ಪ್ರಸಂಗವಿದೆ. ಎರಡು ಸೇನೆಗಳು ಎದುರುಬದುರಾಗಿ ನಿಂತಾಗ, ಅಸಂಖ್ಯ ಸೈನಿಕರ ಸಾವು ವ್ಯರ್ಥವೆಂದು ಮನಗಂಡ ಮಂತ್ರಿಗಳು ಅಣ್ಣತಮ್ಮಂದಿರಿಬ್ಬರೇ ಸೆಣಸಲೆಂದು ಬಿನ್ನವಿಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಪಂದ್ಯಗಳಲ್ಲಿ ಮಹಾಯುದ್ಧವೊಂದು ಕರಗಿಹೋಯಿತು. ಪಂಪನ ಆದಿಪುರಾಣವನ್ನು ಬಲ್ಲ ಕನ್ನಡ ನಾಡಿಗೆ ಇದು ಮನೆಮಾತು. ಯುದ್ಧವನ್ನು ಆಟದ ಅಳತೆಗೆ ಇಳಿಸುವುದು ಜೀವದಯೆಯ ದಾರಿಯೂ ಆಗಬಲ್ಲದೆಂಬುದನ್ನು ಆ ಕಥೆ ತೋರಿಸಿತು. ವೆಲ್ಸ್ ತನ್ನ ಪುಸ್ತಕದ ಕೊನೆಯಲ್ಲಿ ತಲುಪಿದ್ದೂ ಇದೇ ದಿಕ್ಕನ್ನು. ಆಟಿಕೆಯ ಕದನವನ್ನು ಕೆಲವು ಬಾರಿ ಆಡಿ ನೋಡಿದವನಿಗೆ ನಿಜವಾದ ಯುದ್ಧ ಎಷ್ಟು ಮೂರ್ಖತನದ್ದೆಂಬುದು ಅರಿವಾಗುತ್ತದೆಂದು ಅವನು ವಾದಿಸಿದನು. ಅದರ ಮರುವರ್ಷವೇ, 1914ರಲ್ಲಿ, ಯುರೋಪು ಮಹಾಯುದ್ಧಕ್ಕೆ ಬಿದ್ದಿತು. ಮೇಜಿನ ಪಾಠವನ್ನು ಅರಮನೆಗಳು ಕಲಿಯಲಿಲ್ಲ.

ವಸ್ತುವಿಗಿಂತ ಮೂರ್ಛೆ ದೊಡ್ಡದು

ಆಟ ಸಲ್ಲುವುದಾದರೆ ಆಟಿಕೆಯ ಬೆಲೆ ಎಷ್ಟಿರಬಹುದು? ಇಂಥ ಪ್ರಶ್ನೆಗೆ ಜೈನಶಾಸ್ತ್ರ ಬೆಲೆಯ ಅಂಕಿಯಿಂದ ಉತ್ತರಿಸುವುದಿಲ್ಲ. ತತ್ತ್ವಾರ್ಥಸೂತ್ರವನ್ನು ರಚಿಸಿದ ಉಮಾಸ್ವಾಮಿಗಳು ಪರಿಗ್ರಹವೆಂದರೆ ಮೂರ್ಛೆಯೆಂದು ಲಕ್ಷಣ ಹೇಳಿದರು. ಪೆಟ್ಟಿಗೆಯಲ್ಲಿರುವ ಹೊನ್ನಿಗಿಂತ ಅದರ ಕಡೆಗೆ ಎಚ್ಚರ ತಪ್ಪಿ ವಾಲಿದ ಮನಸ್ಸೇ ಪರಿಗ್ರಹ. ಹೊಲ, ಮನೆ, ಬೆಳ್ಳಿ, ಬಂಗಾರ ಮೊದಲಾದ ಬಾಹ್ಯ ಪರಿಗ್ರಹಗಳು ಹತ್ತಾದರೆ, ಮಿಥ್ಯಾತ್ವ, ಕ್ರೋಧ, ಮಾನ, ಮಾಯೆ, ಲೋಭ ಮೊದಲಾದ ಅಂತರಂಗದ ಪರಿಗ್ರಹಗಳು ಹದಿನಾಲ್ಕು. ಒಳಗಿನ ಪಟ್ಟಿಯೇ ಉದ್ದವಾಗಿರುವುದು ಅರ್ಥಪೂರ್ಣ.

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಕೊಡುವ ಹೋಲಿಕೆಯೊಂದು ಇಲ್ಲಿ ನೆನೆಯತಕ್ಕದ್ದು. ಹಸಿರು ಹುಲ್ಲು ಮೇಯುವ ಜಿಂಕೆಯ ಮರಿಯಲ್ಲಿ ಮೂರ್ಛೆ ಮಂದವಾಗಿರುತ್ತದೆ. ಇಲಿಗಳ ಹಿಂಡನ್ನು ಕೊಲ್ಲುವ ಬೆಕ್ಕಿನಲ್ಲಿ ಅದೇ ತೀವ್ರವಾಗುತ್ತದೆ. ಸಪ್ಪಳವಾದರೆ ಜಿಂಕೆ ಹುಲ್ಲನ್ನು ಬಿಟ್ಟು ಓಡುತ್ತದೆ. ಹೊಡೆದರೂ ಬೆಕ್ಕು ಬಾಯಲ್ಲಿರುವ ಇಲಿಯನ್ನು ಬಿಡುವುದಿಲ್ಲ. ಬಯಸಿದ್ದನ್ನು ಬಿಡಬೇಕಾಗಿ ಬಂದಾಗ ಮನಸ್ಸು ಯಾವುದರಂತೆ ನಡೆದುಕೊಳ್ಳುತ್ತದೆ ಎಂಬುದೇ ಪರೀಕ್ಷೆ.

ಆ ಶಿಕ್ಷಕನು ಈ ಪರೀಕ್ಷೆಗೆ ಒಳಗಾದರೆ ಕಾಣುವುದೇನು? ಟೈಟನ್ನಿನ ಚಿತ್ರವನ್ನು ಅವನು ದಿನಕ್ಕೆ ಹಲವು ಬಾರಿ ನೋಡುತ್ತಾನೆ. ಪಾಠದ ನಡುವೆ ಅದರ ಭುಜದ ಬಣ್ಣ ಯಾವುದಿರಬೇಕೆಂದು ಯೋಚಿಸುತ್ತಾನೆ. ಈ ಬಯಕೆಗೆ ಒಂದು ಬೇರಿದೆ. 1987ರಲ್ಲಿ ಆ ಆಟ ಹೊರಬಂದಾಗ ಅವನಿಗೆ ಹದಿನಾಲ್ಕು, ಅಣ್ಣನಿಗೆ ಹದಿನಾರು. ಬೆಳಗಿನ ಪತ್ರಿಕೆ ಹಂಚಿದ ಹಣದಿಂದ ಇಬ್ಬರೂ ಮೊದಲ ಪೆಟ್ಟಿಗೆಯನ್ನು ಕೊಂಡಿದ್ದರು. ‘ಎಂದಾದರೂ ಒಂದು ದಿನ ಎಲ್ಲಕ್ಕಿಂತ ದೊಡ್ಡದನ್ನು ಕೊಳ್ಳೋಣ’ ಎಂದು ಅಣ್ಣ ಹೇಳುತ್ತಿದ್ದನು. ಮೂರು ವರ್ಷದ ಹಿಂದೆ ಅಣ್ಣ ತೀರಿಕೊಂಡನು. ಅವನು ಅರ್ಧ ಬಣ್ಣ ಹಚ್ಚಿ ಬಿಟ್ಟಿದ್ದ ಇಪ್ಪತ್ತು ಸೈನಿಕರ ತುಕಡಿಯೊಂದು ತಮ್ಮನ ಬೀರುವಿನ ಮೇಲಿನ ಅಟ್ಟದಲ್ಲಿ, ಆ ಇನ್ನೂರನಲವತ್ತರೊಳಗೇ ಇದೆ. ತಂದಿಟ್ಟ ದಿನದಿಂದ ಅದನ್ನು ತೆರೆದಿಲ್ಲ.

ಮೂರ್ಛೆಯ ಆಳ ಇಲ್ಲಿ ತಿಳಿಯುತ್ತದೆ. ಅವನು ಕೊಳ್ಳಹೊರಟಿರುವುದು ರಾಳದ ಮೂರ್ತಿಯನ್ನಲ್ಲ, ಅಣ್ಣನೊಡನೆ ಕಳೆದ ಸಂಜೆಗಳನ್ನು. ಪುದ್ಗಲಕ್ಕೆ ಸ್ಪರ್ಶ, ರಸ, ಗಂಧ, ವರ್ಣಗಳುಂಟು. ಕಳೆದ ಕಾಲವನ್ನು ಹಿಡಿದಿಡುವ ಗುಣ ಅದಕ್ಕಿಲ್ಲ. ಎಷ್ಟು ಬೆಲೆ ಕೊಟ್ಟರೂ ವಸ್ತುವಿನಲ್ಲಿ ಇಲ್ಲದ್ದು ವಸ್ತುವಿನಿಂದ ಬಾರದು. ಇದನ್ನರಿಯದೆ ಕೊಂಡರೆ ಟೈಟನ್ನು ಮೇಜೇರಿದ ರಾತ್ರಿಯೇ ಅವನು ಎಂದಿಗಿಂತ ಹೆಚ್ಚು ಒಂಟಿಯಾದಾನು.

ಐದು ಅತಿಗಳು

ಗೃಹಸ್ಥನಿಗೆ ಸರ್ವಸಂಗಪರಿತ್ಯಾಗವನ್ನು ಯಾರೂ ವಿಧಿಸಿಲ್ಲ. ಅದು ಮಹಾವ್ರತಿಗಳ ಮಾರ್ಗ. ಗೃಹಸ್ಥನಿಗೆ ಹೇಳಿದ್ದು ಅಣುವ್ರತ: ತನಗೆ ಬೇಕಾದ ಮೇರೆಯನ್ನು ತಾನೇ ಗುರುತಿಸಿ, ಅದರಾಚೆಗಿನದನ್ನು ಬಯಸದಿರುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಪರಿಮಿತ ಪರಿಗ್ರಹ, ಇಚ್ಛಾಪರಿಮಾಣ ಎಂಬ ಹೆಸರುಗಳನ್ನು ಕೊಟ್ಟು, ವ್ರತವನ್ನು ಕದಡುವ ಐದು ಅತಿಚಾರಗಳನ್ನು ಹೇಳಿದ್ದಾರೆ. ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಾಹನ. ಎತ್ತು, ಬಂಡಿ, ಕಣಜಗಳ ಕಾಲದಲ್ಲಿ ಹುಟ್ಟಿದ ಈ ಪಟ್ಟಿ ಪ್ಲಾಸ್ಟಿಕ್ ಸೈನಿಕರ ಬೀರುವಿಗೂ ಹೊಂದುತ್ತದೆ.

ಅತಿವಾಹನವೆಂದರೆ ಲಾಭಕ್ಕಾಗಿ ಎತ್ತುಗಳನ್ನು ಶಕ್ತಿಮೀರಿ ನಡೆಸುವುದು. ಈ ಕೊಳ್ಳುವಿಕೆಗಾಗಿ ಆ ಶಿಕ್ಷಕನು ತನ್ನನ್ನೇ ಹೀಗೆ ನಡೆಸಿಕೊಂಡಿದ್ದಾನೆ. ಸಂಜೆಯ ಪಾಠಗಳಿಂದ ಹಣ ಕೂಡಿತು, ಮನೆಯವರೊಡನೆ ಕಳೆಯಬೇಕಾದ ಸಂಜೆಗಳು ಹೋದವು. ಅತಿಸಂಗ್ರಹಕ್ಕೆ ವಿವರಣೆಯೇ ಬೇಡ, ಬೀರು ಸಾಕು. ಅತಿವಿಸ್ಮಯವೆಂದರೆ ಅನ್ಯರ ಸಿರಿಯನ್ನು ಕಂಡು ಬೆರಗಾಗಿ ವಿಷಾದಪಡುವುದು. ಗೆಳೆಯನೊಬ್ಬನ ಕಪಾಟಿನಲ್ಲಿ ಇದೇ ಟೈಟನ್ನನ್ನು ಕಂಡಂದು ತನ್ನ ಅಚ್ಚುಕಟ್ಟಾದ ಸೈನ್ಯ ಅವನ ಕಣ್ಣಿಗೆ ಬಡವಾಗಿ ಕಂಡಿತ್ತು. ಅತಿಲೋಭವೆಂದರೆ ದೊರೆತುದಕ್ಕೆ ತಣಿಯದಿರುವುದು. ‘ಇದೊಂದೇ ಕೊನೆಯದು’ ಎಂಬ ಮಾತನ್ನು ಅವನು ಈ ಹಿಂದೆಯೂ ಹಲವು ಸಲ ಹೇಳಿದ್ದಾನೆಂಬುದನ್ನು ಮಡದಿ ಬಲ್ಲಳು, ಹೇಳಿದವನು ಮರೆತಿದ್ದಾನೆ. ಅತಿಭಾರವಾಹನವೆಂದರೆ ಹೊರಲಾರದಷ್ಟು ಹೊರಿಸುವುದು. ಐವತ್ತೆರಡರ ಕಣ್ಣಿಗೆ ಚಾಳೀಸು ಬಂದಿದೆ. ಭೂತಗನ್ನಡಿಯಿಲ್ಲದೆ ಸೈನಿಕನ ಕಣ್ಣುಗುಡ್ಡೆಗೆ ಚುಕ್ಕೆಯಿಡಲಾಗುವುದಿಲ್ಲ. ಆ ಕಣ್ಣುಗಳ ಮೇಲೆ ಇನ್ನೂರನಲವತ್ತು ಮೂರ್ತಿಗಳ ಹೊರೆ ಈಗಾಗಲೇ ಇದೆ.

ಗಣಿತದ ಶಿಕ್ಷಕನಿಗೆ ಲೆಕ್ಕ ತಪ್ಪಿಸಿಕೊಳ್ಳಲು ಬಾರದು. ತಿಂಗಳಿಗೆ ಮೂರು ಮೂರ್ತಿಗಳಂತೆ ಬಣ್ಣ ಹಚ್ಚಿದರೆ ಈಗಿರುವ ರಾಶಿ ಮುಗಿಯಲು ಎಂಬತ್ತು ತಿಂಗಳು ಬೇಕು. ಅಂದರೆ ಆರು ವರ್ಷ ಎಂಟು ತಿಂಗಳು. ಅದರ ಮೇಲೆ ಟೈಟನ್ನಿನ ಅರ್ಧ ವರ್ಷ. ಬೀರುವಿನಲ್ಲಿ ಸಾಲಾಗಿ ನಿಂತಿರುವುದು ಸೈನ್ಯವಲ್ಲ, ತನ್ನ ಆಯುಷ್ಯದ ಮೇಲೆ ತಾನೇ ಬರೆದುಕೊಂಡ ಸಾಲಪತ್ರ ಎಂಬುದು ಆ ಭಾಗಾಕಾರದ ಕೊನೆಯಲ್ಲಿ ಅವನಿಗೆ ಗೋಚರಿಸುತ್ತದೆ. ಅನಿತ್ಯಾನುಪ್ರೇಕ್ಷೆಗೆ ಶ್ಮಶಾನಕ್ಕೇ ಹೋಗಬೇಕೆಂದಿಲ್ಲ.

ಮೇಜಿನ ಮೇಲಿನ ವ್ರತ

ಅಚ್ಚರಿಯ ಸಂಗತಿಯೆಂದರೆ, ಈ ವ್ಯಾಧಿಗೆ ಮದ್ದು ಅವನ ಆಟದೊಳಗೇ ಇದೆ. ವಾರ್‌ಹ್ಯಾಮರ್ 40,000 ಆಟದಲ್ಲಿ ಪ್ರತಿಯೊಂದು ತುಕಡಿಗೂ ಅದರ ಬಲಕ್ಕೆ ತಕ್ಕ ಅಂಕಗಳಿರುತ್ತವೆ. ಆಟಕ್ಕೆ ಮುನ್ನ ಇಬ್ಬರೂ ಒಂದು ಮಿತಿಯನ್ನು ಒಪ್ಪಿಕೊಳ್ಳುತ್ತಾರೆ. ವಾಡಿಕೆಯ ಪಂದ್ಯಕ್ಕೆ ಅದು 2000 ಅಂಕ. ಮನೆಯಲ್ಲಿ ಎಷ್ಟೇ ದೊಡ್ಡ ಸೈನ್ಯವಿದ್ದರೂ ಆ ಮಿತಿಯನ್ನು ಮೀರಿ ಒಬ್ಬ ಸೈನಿಕನನ್ನೂ ಇಳಿಸುವಂತಿಲ್ಲ. ವಾರ್‌ಲಾರ್ಡ್ ಟೈಟನ್ ಒಂದರ ಅಂಕಗಳೇ 2000ವನ್ನು ಮೀರುವುದರಿಂದ ಗುರುವಾರದ ಮೇಜಿಗೆ ಅದು ಇಳಿಯುವಂತೆಯೇ ಇಲ್ಲ. ಹಲವರು ಕೂಡಿ ದಿನವಿಡೀ ಆಡುವ ಅಪರೂಪದ ಮಹಾಪಂದ್ಯಕ್ಕಾಗಿ ಅದು ಕಾಯಬೇಕು.

ಈ ಮಿತಿಯನ್ನು ಯಾವ ಆಟಗಾರನೂ ಬಂಧನವೆಂದು ದೂರುವುದಿಲ್ಲ. ಮಿತಿಯಿರುವುದರಿಂದಲೇ ಯಾರನ್ನು ಕರೆದೊಯ್ಯಬೇಕು, ಯಾರನ್ನು ಬಿಡಬೇಕೆಂಬ ವಿವೇಕ ಹುಟ್ಟುತ್ತದೆ. ಮಿತಿಯಿರುವುದರಿಂದಲೇ ಸಿರಿವಂತನೂ ಬಡವಿದ್ಯಾರ್ಥಿಯೂ ಸಮಬಲರಾಗಿ ಕುಳಿತುಕೊಳ್ಳುತ್ತಾರೆ. ಮಿತಿಯನ್ನು ತೆಗೆದರೆ ಹೆಚ್ಚು ಕೊಂಡವನು ಗೆಲ್ಲುತ್ತಾನೆ, ಆಟ ಸಾಯುತ್ತದೆ. ಹೀಗೆ ಮೂವತ್ತೆಂಟು ವರ್ಷಗಳಿಂದ ಆ ಶಿಕ್ಷಕನು ಮೇಜಿನ ಮೇಲೆ ಪರಿಮಾಣವ್ರತವನ್ನು ಸಂತೋಷದಿಂದ ಪಾಲಿಸುತ್ತ ಬಂದಿದ್ದಾನೆ. ಅದನ್ನು ಬೀರುವಿನವರೆಗೆ ಒಯ್ಯಲಿಲ್ಲ, ಅಷ್ಟೇ. ಬದುಕಿನ ಬಯಕೆಗೂ ಆಟದಲ್ಲಿರುವಂತೆ ಒಂದು ಅಂಕಮಿತಿ ಇರಲೆಂಬುದೇ ಇಚ್ಛಾಪರಿಮಾಣದ ತಿರುಳು. ಎರಡಕ್ಕೂ ಒಂದು ಷರತ್ತು ಸಮಾನ: ಮಿತಿಯನ್ನು ಆಟಕ್ಕೆ ಮುನ್ನ ನಿಶ್ಚಯಿಸಬೇಕು. ಬಯಸಿದ ವಸ್ತು ಕಣ್ಣಮುಂದೆ ನಿಂತ ಮೇಲೆ ಎಳೆಯುವ ಗೆರೆ ಆ ವಸ್ತುವನ್ನು ಒಳಗೊಳ್ಳುವಷ್ಟು ತಪ್ಪದೆ ಹಿಗ್ಗುತ್ತದೆ.

ಸಮಂತಭದ್ರರು ಭೋಗ ಮತ್ತು ಉಪಭೋಗಗಳನ್ನು ಬೇರ್ಪಡಿಸಿದರು. ಅನ್ನದಂತೆ ಒಮ್ಮೆ ಅನುಭವಿಸಿ ಮುಗಿಯುವಂಥದು ಭೋಗ. ವಸ್ತ್ರದಂತೆ ಮತ್ತೆ ಮತ್ತೆ ಬಳಸುವಂಥದು ಉಪಭೋಗ. ಇವುಗಳ ಮೇಲಿನ ಕಟ್ಟುಪಾಡನ್ನೂ ಅವರು ಎರಡಾಗಿ ಹೇಳಿದರು. ಕಾಲಮಿತಿಯುಳ್ಳದ್ದು ನಿಯಮ, ಬದುಕಿರುವವರೆಗಿನದು ಯಮ. ಗೃಹಸ್ಥನ ದೌರ್ಬಲ್ಯವನ್ನು ಬಲ್ಲ ಕರುಣೆ ಈ ವಿಭಾಗದಲ್ಲಿದೆ. ‘ಇನ್ನೆಂದಿಗೂ ಕೊಳ್ಳೆನು’ ಎಂಬ ಆವೇಶದ ಶಪಥ ಮುರಿಯುವ ಸಂಭವವೇ ಹೆಚ್ಚು, ಮುರಿದಾಗ ಉಳಿಯುವುದು ಆತ್ಮನಿಂದೆ. ‘ಇಷ್ಟು ಕಾಲ, ಇಷ್ಟರವರೆಗೆ’ ಎಂಬ ನಿಯಮವನ್ನು ಸಾಮಾನ್ಯನೂ ನಡೆಸಬಲ್ಲನು.

ಆದುದರಿಂದ ಆ ಶಿಕ್ಷಕನ ನಿರ್ಧಾರ ಕೊಳ್ಳಬೇಕೇ ಬಿಡಬೇಕೇ ಎಂಬ ಇಕ್ಕಟ್ಟಿನಲ್ಲಿ ಸಿಲುಕಬೇಕಾಗಿಲ್ಲ. ಅವನು ಒಂದು ಹಾಳೆಯ ಮೇಲೆ ಮೂರು ಸಾಲು ಬರೆಯಬಹುದು. ಬಣ್ಣ ಕಾಣದ ಮೂರ್ತಿಗಳಲ್ಲಿ ನೂರನ್ನು ಉಳಿಸಿಕೊಂಡು ಉಳಿದ ನೂರನಲವತ್ತನ್ನು ಶಾಲೆಯ ಮಕ್ಕಳ ಆಟದ ಕೂಟಕ್ಕೆ ಕೊಡುವುದು. ಉಳಿದ ನೂರರಲ್ಲಿ ಅಣ್ಣನ ಇಪ್ಪತ್ತು ಸೈನಿಕರನ್ನು ಮೊದಲು ಪೂರ್ಣಗೊಳಿಸುವುದು. ಆ ನೂರೂ ಮುಗಿಯುವವರೆಗೆ ಹೊಸದನ್ನು ಕೊಳ್ಳದಿರುವುದು, ಟೈಟನ್ನಿನ ಚಿತ್ರವನ್ನೂ ನೋಡದಿರುವುದು. ಅದೇ ವೇಗದಲ್ಲಿ ಲೆಕ್ಕ ಹಾಕಿದರೆ ಈ ನಿಯಮದ ಅವಧಿ ಮೂರು ವರ್ಷಕ್ಕಿಂತ ಕಡಿಮೆ.

ಅವಧಿ ಮುಗಿದ ದಿನವೂ ಬಯಕೆ ಹಾಗೆಯೇ ಉಳಿದಿದ್ದರೆ? ಆಗ ಹಣವಿರುತ್ತದೆ, ಕಪಾಟಿನಲ್ಲಿ ಸ್ಥಳವಿರುತ್ತದೆ, ಮನಸ್ಸಿನಲ್ಲಿ ಅವಸರವಿರುವುದಿಲ್ಲ. ಸಾಲ ಮಾಡದೆ, ಯಾರ ಪಾಲನ್ನೂ ಕಸಿಯದೆ, ತಾನೇ ಹಾಕಿಕೊಂಡ ಮೇರೆಯೊಳಗೆ ಗೃಹಸ್ಥನೊಬ್ಬನು ತನಗೆ ಪ್ರಿಯವಾದ ವಸ್ತುವೊಂದನ್ನು ಕೊಂಡರೆ ಅಣುವ್ರತಕ್ಕೆ ಭಂಗವಿಲ್ಲ. ಹುಲ್ಲು ಮೇಯುವ ಜಿಂಕೆಯನ್ನು ಯಾವ ಆಚಾರ್ಯರೂ ಉಪವಾಸ ಕೆಡವಲಿಲ್ಲ. ಬಯಕೆ ತಾನಾಗಿ ಮಾಸಿಹೋಗಿದ್ದರೆ, ಕಳೆದುಕೊಂಡದ್ದೇನೂ ಇಲ್ಲವೆಂಬುದು ಆಗ ಅವನಿಗೇ ತಿಳಿದಿರುತ್ತದೆ.

ಕೊಡುವ ಮೂರ್ತಿ, ಬಿಡುವ ಮೂರ್ತಿ

ಮೂರ್ತಿಗಳನ್ನು ಮಾಡಿಸುವುದರಲ್ಲಿ ಕನ್ನಡ ನಾಡಿನ ಜೈನಪರಂಪರೆ ಯಾರಿಗೂ ಹಿಂದೆ ಬಿದ್ದಿಲ್ಲ. ಮೂಡುಬಿದಿರೆಯ ಗುರುಬಸದಿಯಲ್ಲಿ ಅಮೂಲ್ಯ ರತ್ನಗಳಲ್ಲಿ ಕಡೆದ ಪುಟ್ಟ ಜಿನಬಿಂಬಗಳಿವೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದೂ, ಸಾವಿರದ ಐನೂರು ಚಿನ್ನದ ಜಿನಪ್ರತಿಮೆಗಳನ್ನು ಮಾಡಿಸಿ ದಾನವಿತ್ತಳೆಂದೂ ಪ್ರಸಿದ್ಧಿಯಿದೆ. ಸಾವಿರದ ಐನೂರು ಹೊನ್ನ ಮೂರ್ತಿಗಳು ಒಬ್ಬಳ ಕೈಯಿಂದ ಹಾದುಹೋದರೂ ಅವು ಅವಳಿಗೆ ಪರಿಗ್ರಹವಾಗಲಿಲ್ಲ. ನಿಲ್ಲಿಸಿಕೊಳ್ಳಲೆಂದು ಅವಳು ಅವನ್ನು ಮಾಡಿಸಿರಲಿಲ್ಲ. ಶ್ರವಣಬೆಳಗೊಳದ ಗೊಮ್ಮಟನಿಗೆ ಕೊಡಗಟ್ಟಲೆ ಹಾಲೆರೆದರೂ ಪೂರ್ಣವಾಗದ ಅಭಿಷೇಕ ಗುಳ್ಳಕಾಯಜ್ಜಿಯ ಅಂಗೈಯಗಲದ ಪಾತ್ರೆಯಿಂದ ಪೂರ್ಣವಾಯಿತೆಂಬ ಐತಿಹ್ಯವೂ ಇದನ್ನೇ ಸಾರುತ್ತದೆ. ಗಾತ್ರವನ್ನೂ ಬೆಲೆಯನ್ನೂ ಲೋಕ ಅಳೆಯುತ್ತದೆ. ಧರ್ಮ ಅಳೆಯುವುದು ಭಾವವನ್ನು.

ನಾಟಿಂಗ್‌ಹ್ಯಾಮಿನ ಲೆಂಟನ್ ಪ್ರದೇಶದಲ್ಲಿ ಆ ಆಟದ ಸಂಸ್ಥೆ ನಡೆಸುವ ಪ್ರದರ್ಶನಾಲಯವಿದೆ. ಗಾಜಿನ ಹಿಂದೆ ಸಾವಿರಾರು ಕಿರುಮೂರ್ತಿಗಳು ಯುದ್ಧದ ನಡುವಿನ ಕ್ಷಣವೊಂದರಲ್ಲಿ ಸ್ತಬ್ಧವಾಗಿ ನಿಂತಿರುತ್ತವೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದ ಲೆಸ್ಟರ್ ನಗರದಲ್ಲಿ, ಹಿಂದೆ ಕ್ರೈಸ್ತರ ಪ್ರಾರ್ಥನಾಮಂದಿರವಾಗಿದ್ದ ಕಟ್ಟಡವೊಂದು ಅಮೃತಶಿಲೆಯ ಮುಖಮಂಟಪವನ್ನು ಹೊತ್ತ ಜಿನಾಲಯವಾಗಿದೆ. 1988ರಲ್ಲಿ ಪ್ರತಿಷ್ಠೆಗೊಂಡ ಆ ಮಂದಿರದ ಒಂದೇ ಸೂರಿನಡಿ ದಿಗಂಬರರೂ ಶ್ವೇತಾಂಬರರೂ ಪೂಜಿಸುತ್ತಾರೆ. ಒಂದೆಡೆ ಆಯುಧ ತೊಟ್ಟ ಮೂರ್ತಿಗಳು, ಇನ್ನೊಂದೆಡೆ ಎಲ್ಲವನ್ನೂ ಕಳಚಿ ಕುಳಿತ ಮೂರ್ತಿಗಳು. ಎರಡೂ ಕಡೆ ನೋಡಲು ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಕಂಡು ಸಂತೋಷಪಟ್ಟದ್ದನ್ನೆಲ್ಲ ಮನೆಗೆ ತಂದಿಟ್ಟುಕೊಳ್ಳಬೇಕೆಂಬ ನಿಯಮ ಎಲ್ಲಿಯೂ ಇಲ್ಲವೆಂಬುದನ್ನು ಎರಡೂ ತೋರಿಸಿಕೊಡುತ್ತವೆ.

ಆ ಶಿಕ್ಷಕನು ಒಂದು ಶನಿವಾರದ ಬೆಳಗ್ಗೆ ಬೀರುವಿನ ಅಟ್ಟದಿಂದ ಅಣ್ಣನ ಪೆಟ್ಟಿಗೆಯನ್ನು ಇಳಿಸಬಹುದು. ಅದರೊಳಗೆ ಇಪ್ಪತ್ತು ಸೈನಿಕರು. ಕೆಲವರ ಕವಚಕ್ಕೆ ನೀಲಿ ಬಳಿದಿದೆ, ಮುಖಗಳಿಗೆ ಬಣ್ಣವಿಲ್ಲ. ಅಣ್ಣನ ಕೈ ನಿಂತ ಗೆರೆ ಪ್ರತಿಯೊಂದರ ಮೇಲೂ ಕಾಣುತ್ತದೆ. ಭೂತಗನ್ನಡಿಯನ್ನು ಹತ್ತಿರಕ್ಕೆಳೆದುಕೊಂಡು, ಕುಂಚವನ್ನು ಅದ್ದಿ, ಆ ಗೆರೆಯಿಂದಲೇ ಅವನು ಮುಂದುವರಿಸುತ್ತಾನೆ. ಸಾವಿರ ಪೌಂಡಿಗೂ ದೊರೆಯಲಾರದ ಸಂಜೆಯೊಂದು ಬೀರುವಿನೊಳಗೇ ಮೂರು ವರ್ಷ ಕಾದಿತ್ತು.